ಇಸ್ತ್ರಿ ಕಾಣದ ಹಳದಿ ಮೀನು

"ಹಾಗೆ ಎಳೀಬೇಡ್ವೋ, ಮುರಿದುಹೋಗುತ್ತೆ!" ಅಕ್ಕ ಕೂಗಿದಳು.

ತಮ್ಮ ಕುರ್ಚಿ ಹತ್ತಿ ಕಿಟಕಿಯ ದಾರ ಕೀಳುತ್ತಿದ್ದ. ದಾರದಲ್ಲಿ ಪ್ಲಾಸ್ಟಿಕ್ ಮಣಿಯ ಐದು ಮೀನುಗಳು. ಕೆಳಗೆ ಅಪ್ಪನ ಹೆಣ. ಏಳು ವರ್ಷದ ಮೇಲೆ ಹೊಸ್ತಿಲು ದಾಟಿದ ಮಗಳ ಕಣ್ಣು ಮೊದಲು ಬಿದ್ದದ್ದು ಮೀನುಗಳ ಮೇಲೆ.

"ಸತ್ತ ಮನೇಲಿ ಆಟದ ಸಾಮಾನು ಚೆಂದವೇನೇ ಅಕ್ಕ?"

"ಯಾವುದು ಯಾರದು?"

"ಕರೀದು ಅಪ್ಪ, ಕೆಂಪು ಅಮ್ಮ, ನೀಲಿ ನಾನು. ಹಸಿರು ನನ್ನ ಹೆಂಡ್ತಿ. ಚಿಕ್ಕದು ನನ್ನ ಮಗಳು."

"ನಂದು?"

"ಮನೇಲಿರೋರಿಗೆ ಮಾತ್ರ ಮೀನು."

ಅಪ್ಪನ ಪಕ್ಕದಂಗಡಿಯ ಕ್ಷೌರಿಕ ಬಾಯಿ ಹಾಕಿದ. "ಎದುರಂಗಡಿ ಸೇರಿದೋಳು ನೀನಲ್ವೇನಮ್ಮ? ಊರಿನ ಅಂಗಿ ಸುಕ್ಕೆಲ್ಲ ತೆಗೆದ ಮನುಷ್ಯ. ಅವತ್ತಿಂದ ಅವನ ಹಣೆ ಸುಕ್ಕು ಹೋಗ್ಲಿಲ್ಲ."

"ನನ್ನ ಹೊಟ್ಟೆ ಯಾರು ತುಂಬಿಸ್ಬೇಕಿತ್ತು ಮಾವ? ನಿಮ್ಮ ಕತ್ತರೀನಾ?"

*

ಅಪ್ಪನದು ಇಸ್ತ್ರಿ ಅಂಗಡಿ. ರಸ್ತೆಯಾಚೆ ಯಂತ್ರದ ಲಾಂಡ್ರಿ ಬಂದು ಗಿರಾಕಿಗಳನ್ನೆಲ್ಲ ನುಂಗಿತು. ಮಗಳು ಅಲ್ಲೇ ಕೆಲಸಕ್ಕೆ ಸೇರಿದಳು. "ಕ್ಷಮೆ ಕೇಳೋದಾದ್ರೆ ಒಳಗೆ ಬಾ" ಎಂದ ಅಪ್ಪ. ತಪ್ಪೇ ಮಾಡಿಲ್ಲವೆಂದು ಅವಳು ಕೇಳಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಮೊಮ್ಮಗಳ ಪುಸ್ತಕದಲ್ಲಿ ಅವನು ಜಪಾನಿನವರ ಬಟ್ಟೆಯ ಮೀನುಗಳನ್ನು ಕಂಡ. ಮನೆಯ ಒಬ್ಬೊಬ್ಬರಿಗೆ ಒಂದೊಂದು, ಗಾಳಿ ಕುಡಿದು ಕಂಬದ ಮೇಲೆ ಈಜುವಂಥವು. ಅವನಿಗೂ ಹುಚ್ಚು ಹಿಡಿಯಿತು. ಮಕ್ಕಳಾಟದ, ಮುಳ್ಳುಮುಳ್ಳಿನ ಪ್ಲಾಸ್ಟಿಕ್ ಹಲಗೆಯ ಮೇಲೆ ಮಣಿ ಜೋಡಿಸಿ, ಕಾಗದ ಮುಚ್ಚಿ, ಇಸ್ತ್ರಿಪೆಟ್ಟಿಗೆಯನ್ನು ಹಗುರವಾಗಿ ಆಡಿಸಿದರೆ ಮಣಿಗಳು ತುಸುವೇ ಕರಗಿ ಒಂದಕ್ಕೊಂದು ಬೆಸೆಯುತ್ತವೆ. ನಲವತ್ತು ವರ್ಷ ಒತ್ತಿದ ಕೈ ಒತ್ತದಿರುವುದನ್ನು ಕಲಿಯಲು ತಿಂಗಳು ಹಿಡಿಯಿತು.

*

ಅಮ್ಮ ಕಪಾಟಿನ ಮೇಲಿಂದ ಒಂದು ಹಲಗೆಯನ್ನು ಅಲುಗದಂತೆ ಇಳಿಸಿದಳು. ಅದರ ಮೇಲೆ ಹಳದಿ ಮೀನು. ಮಣಿಗಳು ಇನ್ನೂ ಬಿಡಿಬಿಡಿ.

"ಇದು ನಿಂದು. ಮೂರು ವರ್ಷದಿಂದ ಹಿಂಗೇ ಇದೆ. ಇಸ್ತ್ರಿ ಹಾಕ್ರೀ ಅಂದ್ರೆ, ಮೊದಲು ಅವಳ ಬಾಯಿಂದ ಒಂದು ಮಾತು ಬರ್ಲಿ ಅಂತಿದ್ರು. ಹಟಮಾರಿ ಮುದುಕ."

ಮಗಳು ಅಪ್ಪನ ಇಸ್ತ್ರಿಪೆಟ್ಟಿಗೆ ಹುಡುಕಿ ಕಾಯಲು ಇಟ್ಟಳು.

"ಎತ್ತೋ ಹೊತ್ತಾಯ್ತು ಕಣೇ," ತಮ್ಮ ರೇಗಿದ. "ಅಪ್ಪ ಮಾಡದ್ದನ್ನ ನೀನ್ಯಾಕೆ ಮಾಡ್ತೀಯ?"

"ಅವರ ಕಣ್ಮುಂದೆ ಆರನೇ ಮೀನು ತೂಗ್ಲಿ. ಆಮೇಲೆ ಎತ್ತು."

"ಕಣ್ಣು ಮುಚ್ಚಿ ಆಗ್ಲೇ ಒಂದು ದಿನ ಆಯ್ತು."

ಅವಳು ಕಾಗದ ಮುಚ್ಚಿದಳು. ಲಾಂಡ್ರಿಯಲ್ಲಿ ದಿನಕ್ಕೆ ಇನ್ನೂರು ಅಂಗಿ ತೀಡಿದ ಕೈ ಅದು. ಹೆಗಲ ಭಾರವನ್ನೆಲ್ಲ ಹಾಕಿ ಒತ್ತಿತು.

"ಒತ್ತಬೇಡ್ವೇ!" ಎಂದು ಅಮ್ಮ ಕೂಗುವಷ್ಟರಲ್ಲಿ ಸುಟ್ಟ ವಾಸನೆ ಎದ್ದಿತ್ತು.

ತಮ್ಮ ಕಾಯಲಿಲ್ಲ. ನಾಲ್ವರು ಹೆಗಲು ಕೊಟ್ಟರು. ಬಾಗಿಲು ಕಿರಿದು, ಓರೆ ಮಾಡಿ, ಬೈದಾಡಿಕೊಂಡು ದಾಟಿಸಿದರು.

ಒಳಗೆ ಅವಳು ಕಾಗದ ಸುಲಿದಳು. ಮೀನಿಗೆ ಕಣ್ಣಿರಲಿಲ್ಲ, ಬಾಲವಿರಲಿಲ್ಲ. ಅಂಚಿಗೆ ಉಗುರು ಹಾಕಿ ಎಬ್ಬಿಸಿದಳು. ಕರಗಿ ಅಂಟಿಕೊಂಡಿದ್ದ ಹಲಗೆಯೂ ಜೊತೆಗೇ ಎದ್ದು ಬಂತು.