ಏಕಾದಶಿಯ ಮಾತ್ರೆ

ನಜರ್‌ಬಾದಿನ ರಾಮಮಂದಿರದಲ್ಲಿ ಏಕಾದಶಿಯ ಭಜನೆ ಕಾವೇರಿತ್ತು. ಮೂಲೆಯ ಮೇಜಿನ ಮೇಲೆ ಚಂದ್ರಮತಿ ಬಿ.ಪಿ. ಯಂತ್ರ ಮಡಿಸಿಡುತ್ತಿದ್ದರು. ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಭಜನೆಗೆ ಬರುವವರ ಆರೋಗ್ಯ ನೋಡುವುದೇ ಅವರ ಸೇವೆ.

ತಾಳ ಹಾಕುತ್ತಿದ್ದ ಸುಮಿತ್ರಮ್ಮ ತಟ್ಟನೆ ನಿಲ್ಲಿಸಿ, ಕಣ್ಣು ಮುಚ್ಚಿ ತೂಗತೊಡಗಿದರು.

"ಮುಟ್ಬ್ಯಾಡಿ, ದೇವರು ಬಂದದೆ" ಎಂದು ಪಕ್ಕದ ಪುಟ್ಟಬಸಮ್ಮ ಕೈಮುಗಿದರು. "ಪುಣ್ಯವಂತೆ ಕಣ್ರೀ. ಇಪ್ಪತ್ತು ವರ್ಷದಿಂದ ಕೂಗ್ತಾ ಇದೀನಿ, ನಂಗೆ ಗಂಟಲುನೋವು ಬಿಟ್ರೆ ಏನೂ ಬರಲಿಲ್ಲ."

ಚಂದ್ರಮತಿಗೆ ಕಂಡದ್ದು ಬೇರೆ. ಫ್ಯಾನಿನ ಕೆಳಗೇ ಕೂತವರ ರವಿಕೆ ಬೆವರಿಗೆ ಬೆನ್ನಿಗಂಟಿತ್ತು. ಓಡಿ ಹೋಗಿ ಕೈ ಹಿಡಿದರೆ ತಣ್ಣಗೆ ಕೊರೆಯುತ್ತಿತ್ತು. ಬೆರಳು ಚುಚ್ಚಿ ನೋಡಿದರು. ಎಪ್ಪತ್ತಕ್ಕಿಂತ ಕೆಳಗಿಳಿಯಬಾರದ ಸಕ್ಕರೆ ನಲವತ್ತೆರಡು!

"ಬೆಳಿಗ್ಗೆ ಸಕ್ಕರೆ ಕಾಯಿಲೆ ಮಾತ್ರೆ ತಗೊಂಡ್ರಾ?"

"ಊಂ... ಅದೇನು ಊಟವಾ? ನೀವೇ ಅಂದ್ರಲ್ಲ, ಏನೇ ಆದ್ರೂ ಮಾತ್ರೆ ಬುಡಬ್ಯಾಡಿ ಅಂತ..." ನಾಲಿಗೆ ತೊದಲುತ್ತಿತ್ತು.

ಚಂದ್ರಮತಿ ಅಂದದ್ದು ನಿಜ. ಉಪವಾಸದ ದಿನದ ಮಾತು ಮಾತ್ರ ಎತ್ತಿರಲಿಲ್ಲ. ನೀರೂ ಕಾಣದ ಹೊಟ್ಟೆಗೆ ಆ ಮಾತ್ರೆ ಇಳಿಸಿದ್ದು ತನ್ನದೇ ಮಾತು.

ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಚಂದ್ರಮತಿ ಸಕ್ಕರೆ ನೀರು ಕಲಸಿ ತುಟಿಗೆ ಹಿಡಿದರೆ ಸುಮಿತ್ರಮ್ಮ ಹಲ್ಲು ಕಚ್ಚಿದರು. "ಏಕಾದಶಿ... ಬ್ಯಾಡ."

ಪ್ರಜ್ಞೆ ತಪ್ಪಿಬಿಟ್ಟರೆ ಬಾಯಿಗೆ ಹನಿ ನೀರನ್ನೂ ಹಾಕುವಂತಿಲ್ಲ. ಚಂದ್ರಮತಿ ಗರ್ಭಗುಡಿಯತ್ತ ತಿರುಗಿದರು. "ಪವಮಾನಾಚಾರ್ರೇ, ಇದನ್ನ ತೀರ್ಥ ಅಂತ ನೀವೇ ಕೊಡಿ. ಬೇಗ!"

ಅರ್ಚಕರು ಲೋಟ ನೋಡಿದರು. ದೇವರ ಮುಂದಿನ ಬಟ್ಟಲಿನಿಂದ ಒಂದು ಉದ್ಧರಣೆ ತೀರ್ಥ ಅದಕ್ಕೆ ಬೆರೆಸಿದರು. "ಈಗ ಸುಳ್ಳಲ್ಲ" ಎಂದು ಮುಂದೆ ಕೂತರು.

"ಅಮ್ಮಾ, ತೀರ್ಥ."

ಕಣ್ಣು ತೆರೆಯಲಿಲ್ಲ. ಬಲಗೈ ಮಾತ್ರ ತಾನಾಗಿ ಎದ್ದು, ಗುಳಿಯಾಗಿ ಚಾಚಿಕೊಂಡಿತು. ಒಂದು ಉದ್ಧರಣೆ. ಕೈ ಬಾಯಿಗೆ ಹೋಯಿತು. ನುಂಗಿದರು. ಇನ್ನೊಂದು. ಮತ್ತೊಂದು. ಭಜನೆ ಯಾವಾಗಲೋ ನಿಂತಿತ್ತು. ಚಂದ್ರಮತಿ ಆ ಗಂಟಲನ್ನೇ ನೋಡುತ್ತ ಲೋಟ ಖಾಲಿ ಮಾಡಿಸಿದರು.

ಕಾಲು ಗಂಟೆಯ ಮೇಲೆ ಮತ್ತೆ ಚುಚ್ಚಿದಾಗ ಎಂಬತ್ತೊಂದು.

"ನನ್ನ ವ್ರತ ಕೆಟ್ಟೋಯ್ತಾ ಸ್ವಾಮಿ?" ಸುಮಿತ್ರಮ್ಮ ಕಣ್ಣು ಬಿಟ್ಟು ಕೇಳಿದರು.

"ತೀರ್ಥಕ್ಕೆ ವ್ರತ ಕೆಡುತ್ತೇನಮ್ಮ?"

ಚಂದ್ರಮತಿ ಅವರ ಕೈ ಹಿಡಿದುಕೊಂಡರು. "ತಪ್ಪು ನಂದು ಕಣಮ್ಮ. ಆಂಬುಲೆನ್ಸ್ ಬರ್ತಾ ಇದೆ, ಆಸ್ಪತ್ರೆಗೆ ಹೋಗೋಣ, ಮಾತ್ರೆಯ ಪ್ರಭಾವ ಇನ್ನೂ ಇರುತ್ತೆ."

ಪುಟ್ಟಬಸಮ್ಮ ಮೆಲ್ಲಗೆ ಚಂದ್ರಮತಿಯ ಸೆರಗು ಜಗ್ಗಿದರು. "ಸಿಸ್ಟರಮ್ಮ... ನಾನೂ ಅದೇ ಮಾತ್ರೆ ನುಂಗಿದೀನಿ. ನೀವ್ ಹೇಳಿದ್ರಲ್ಲ."

ಚಂದ್ರಮತಿ ಸಭೆಯತ್ತ ನೋಡಿದರು. "ಇವತ್ತು ಉಪವಾಸವಿದ್ದು ಸಕ್ಕರೆ ಮಾತ್ರೆ ತಗೊಂಡಿರೋರು ಕೈ ಎತ್ತಿ."

ಒಂದು ಕೈ ಎದ್ದಿತು. ಆಮೇಲೆ ಮೂರು. ಕಂಬದ ಹಿಂದಿನಿಂದ ಇನ್ನೆರಡು.

ಪವಮಾನಾಚಾರ್ಯರು ಸಕ್ಕರೆ ಡಬ್ಬಿ ತರಲು ಎದ್ದರು.