ಕವಲಿನಲ್ಲಿ ನಿಲ್ಲಿಸಿದ ಡೆಸ್ಮಂಡ್

ಮಂಜಿನಿಂದ ಶುರು ಮಾಡಲೇ, ಗಂಡನಿಂದ ಶುರು ಮಾಡಲೇ? ಮಂಜಿನಿಂದ ಶುರು ಮಾಡಿದರೆ ನೀವು ಎರಡನೇ ಸಾಲಿಗೇ ‘ಓಹೋ, ಯಾರೋ ಕಳೆದುಹೋಗುತ್ತಾರೆ’ ಎಂದುಬಿಡುತ್ತೀರಿ. ಗಂಡನಿಂದ ಶುರು ಮಾಡಿದರೆ ಬೆರಿಲ್ ಬಯ್ಯುತ್ತಾಳೆ. ತನ್ನ ಗಂಡನ ವಿಷಯವನ್ನು ಯಾರೂ ಎತ್ತಬಾರದು ಅವಳಿಗೆ. ಈ ಕಥೆಯ ತಾಪತ್ರಯವೆಲ್ಲ ಅದೇ.

ಹಾಗಾಗಿ ಒಂದು ನಿಯಮದಿಂದ ಶುರು ಮಾಡುತ್ತೇನೆ. (ನಿಯಮದಿಂದ ಶುರುವಾಗುವ ಕಥೆಯನ್ನು ಯಾರು ಓದುತ್ತಾರೆ? ನೀವು ಓದುತ್ತಿದ್ದೀರಲ್ಲ, ಸಾಕು.)

೧

ನಮ್ಮ ಊರಿನ ವಾಕಿಂಗ್ ಕ್ಲಬ್ಬು ಗುಡ್ಡಕ್ಕೆ ಹೋದಾಗ ಮುಂದೆ ಒಬ್ಬ ಲೀಡರ್ ಇರುತ್ತಾನೆ, ಎಲ್ಲರಿಗಿಂತ ಹಿಂದೆ ಒಬ್ಬರು, ಯಾರೂ ಉಳಿಯದಂತೆ, ನೋಡಿಕೊಂಡು ಬರುತ್ತಾರೆ. ದಾರಿ ಕವಲೊಡೆದಲ್ಲೆಲ್ಲ ಲೀಡರ್ ತನ್ನ ಬೆನ್ನಿಗೇ ಇರುವವರನ್ನು ಅಲ್ಲಿ ನಿಲ್ಲಿಸಿ ಮುಂದೆ ಹೋಗುತ್ತಾನೆ. ನಿಂತವರು ಬರುವವರಿಗೆ ದಾರಿ ತೋರಿಸುತ್ತ, ಕೊನೆಯವರು ಬಂದು ಕರೆದೊಯ್ಯುವವರೆಗೆ ಕದಲಬಾರದು. ಮಳೆ ಬರಲಿ, ಗಾಳಿ ಹೊಡೆಯಲಿ. ಕದಲಿದವರನ್ನು ಪಬ್ಬಿನಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಅಕ್ಟೋಬರಿನ ಆ ಭಾನುವಾರ ಲೀಡರ್ ಕ್ಲೈವ್. ಕೊನೆಯಲ್ಲಿ ಬರುವ ಸರದಿ ಬೆರಿಲ್‌ಳದು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು, ಮಕ್ಕಳನ್ನು ಗದರಿದ ಹಾಗೆಯೇ ನಮ್ಮನ್ನೂ ಗದರುವವಳು. ಗುಡ್ಡದ ಮೇಲಿನ ನೇರಳೆ ಹೂವೆಲ್ಲ ಬಾಡಿ ಕಂದಾಗಿತ್ತು, ಜರಿಗಿಡಗಳು ತುಕ್ಕಿನ ಬಣ್ಣಕ್ಕೆ ತಿರುಗಿದ್ದವು, ಕಾಲಿಟ್ಟಲ್ಲೆಲ್ಲ ಕಪ್ಪು ಜೌಗು. (ವರ್ಣನೆ ಇಷ್ಟೇ. ಇನ್ನೂ ಬೇಕೆಂದರೆ ಕ್ಲೈವ್ ತೆಗೆದ ಫೋಟೋಗಳಿವೆ, ಬೇಡ ಅಂದರೂ ತೋರಿಸುತ್ತಾನೆ.)

ಮೇಲಿನ ಕವಲಿಗೆ ಬರುವ ಮೊದಲೇ ಬೆರಿಲ್ ಮುಂದೆ ನಡೆಯುತ್ತಿದ್ದ ಮಾರ್ಜರಿಯ ಮೊಣಕಾಲು ನೋಯತೊಡಗಿತು. ಪಾಪ ಎಂದು ಬೆರಿಲ್ ಅವಳನ್ನು ಆ ಕವಲಿಗೆ ಹೋಗದ, ಕಲ್ಲುಗೋಡೆಯ ಪಕ್ಕದ ಒಳದಾರಿಯಲ್ಲಿ ನಿಧಾನಕ್ಕೆ ನಡೆಸಿಕೊಂಡು ಬಂದಳು. ಮೇಲೆಲ್ಲ ಜೌಗು, ಕ್ಲೈವ್ ಕೂಡ ಹೀಗೇ ಹೋಗಿರುತ್ತಾನೆ ಎಂದುಕೊಂಡಳು. ಕ್ಲೈವ್ ಹಾಗೆ ಹೋಗಿರಲಿಲ್ಲ.

ಎಲ್ಲರೂ ಊಟಕ್ಕೆ ಸೇರುವ ಹಳೆಯ ಕುರಿದೊಡ್ಡಿಗೆ ಅವಳು ಬಂದಾಗ ಮಂಜು ಕವಿದಾಗಿತ್ತು.

“ಡೆಸ್ ಎಲ್ಲಿ?” ಅಂದಳು, ಗಂಡ ಕಾಣದೆ.

“ನಿನ್ ಜೊತೆ ಬಂದ್ನಲ್ಲ?” ಅಂದ ಕ್ಲೈವ್, ಬಾಯಿತುಂಬ ಸ್ಯಾಂಡ್‌ವಿಚ್ ಇಟ್ಟುಕೊಂಡು.

“ನನ್ ಜೊತೆ ಯಾಕ್ ಬರ್ತಾನೆ? ನಿನ್ ಹಿಂದೇನೇ ನಡಿ ಅಂತ ಕಳ್ಸಿದ್ದೆ.”

“ಹಿಂದೇನೇ ಇದ್ದ. ಅದಕ್ಕೇ ಮೇಲಿನ್ ಕವಲಲ್ಲಿ ಅವನನ್ನ ನಿಲ್ಸಿದೆ, ಬೆರಿಲ್ ಬರೋವರ್ಗೂ ಇಲ್ಲೇ ಇರಪ್ಪಾ ಅಂತ.”

“ಅವನನ್ನ ಯಾಕ್ ನಿಲ್ಸಿದೆ?”

“ಇದೊಳ್ಳೆ ಕೇಳ್ದೆ! ಜೀವಮಾನ ಎಲ್ಲಾ ಬಸ್ ಓಡ್ಸಿದೋನು, ನಿಲ್ಲೋದೊಂದ್ ಬರಲ್ವಾ ಅವನಿಗೆ?”

ಎಲ್ಲರೂ ನಕ್ಕರು. ಬೆರಿಲ್ ನಗಲಿಲ್ಲ.

೨

ಈಗ ಹೇಳಲೇಬೇಕು. (ಬೆರಿಲ್, ಬಯ್ಯಬೇಡಿ.) ಡೆಸ್ಮಂಡ್‌ಗೆ ಮರೆವಿನ ಕಾಯಿಲೆ. ಕೆಟಲನ್ನು ಫ್ರಿಜ್ಜಿನಲ್ಲಿ ಇಡುತ್ತಾನೆ. ಕೆಲವು ದಿನ ಬೆಳಿಗ್ಗೆ ತೀರಿಕೊಂಡ ತನ್ನ ಅಕ್ಕನ ಹೆಸರಿನಿಂದ ಹೆಂಡತಿಯನ್ನು ಕರೆಯುತ್ತಾನೆ. ಕ್ಲಬ್ಬಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಯಾರದಾದರೂ ಬೆನ್ನು ಕಂಡರೆ ಅವನ ಕಾಲು ತಾನಾಗಿ ನಡೆಯುತ್ತದೆ, ಹಳೆಯ ಜೋಕುಗಳು ಸರಿಯಾದ ಜಾಗಕ್ಕೇ ಬಂದು ಬೀಳುತ್ತವೆ. ಯಾವಾಗಲೂ ಬೆರಿಲ್ಲೇ ಪಕ್ಕದಲ್ಲಿರುತ್ತಿದ್ದಳು. ಇವತ್ತು ಕೊನೆಯಲ್ಲಿ ಬರುವ ಸರದಿ ತನ್ನದಾದ್ದರಿಂದ, ಲೀಡರಿನ ಬೆನ್ನ ಹಿಂದೆ ಇದ್ದರೆ ಕ್ಷೇಮ ಎಂದು ಅಲ್ಲಿಗೆ ಕಳಿಸಿದಳು. ಲೀಡರ್ ನಿಲ್ಲಿಸುವುದು ತನ್ನ ಬೆನ್ನಿಗಿರುವವರನ್ನೇ ಎಂಬುದು ಅಷ್ಟು ವರ್ಷ ನಡೆದ ಬೆರಿಲ್‌ಗೆ ಆ ಕ್ಷಣ ಹೊಳೆಯಲಿಲ್ಲ. ನೆನಪು ಕೈಕೊಟ್ಟದ್ದು ಅವಳಿಗೆ.

ಮೊದಲ ಕರಡು: ಬೆರಿಲ್ ಓಡೋಡಿ ಕವಲಿಗೆ ಹೋಗುತ್ತಾಳೆ. ಡೆಸ್ ಕಂಬದ ಹಾಗೆ ನಿಂತಿದ್ದಾನೆ. “ಎಷ್ಟೊತ್ತೇ ಮಾರಾಯ್ತಿ” ಅನ್ನುತ್ತಾನೆ. ಅಳು, ಅಪ್ಪುಗೆ, ಮುಗಿಯಿತು.

“ಬೇಡ,” ಅಂದಳು ಬೆರಿಲ್.

“ಯಾಕೆ? ಸಿಕ್ಕಿದರಲ್ಲ?”

“ಸಿಕ್ಕಿದ್ರೆ ನಾನು ಮತ್ತೆ ಬಾಯ್ ಮುಚ್ಕೊಂಡಿರ್ತೀನಿ. ಮುಂದಿನ ತಿಂಗಳೂ ಕರ್ಕೊಂಡ್ ಬರ್ತೀನಿ. ನನ್ನ ಬುದ್ಧಿ ನಂಗ್ ಗೊತ್ತಿಲ್ವಾ?”

ಎರಡನೇ ಕರಡು: ಕವಲಿನಲ್ಲಿ ಯಾರೂ ಇಲ್ಲ. ಜೌಗಿನ ಅಂಚಿನಲ್ಲಿ ಒಂದು ಕೈಗವಸು…

“ನಿನ್ ಕೈ ಸೇದೋಗ! ಅಳ್ಸು ಅದನ್ನ!”

ಅಳಿಸಿದೆ.

ಮೂರನೇ ಕರಡಿನಲ್ಲಿ ಡೆಸ್ ಕವಲನ್ನು ಬಸ್‌ಸ್ಟಾಪ್ ಎಂದುಕೊಂಡು, ಬಂದ ಕುರಿಗಳನ್ನೆಲ್ಲ ಸಾಲಾಗಿ ಹತ್ತಿಸಿಕೊಂಡು ಹೊರಡುತ್ತಾನೆ. ಇದು ನನಗೆ ತುಂಬ ಹಿಡಿಸಿತ್ತು. ಬೆರಿಲ್ ಓದಿ, ಹಾಳೆಯನ್ನು ಮಡಚಿ ನನ್ನ ಕೈಗಿಟ್ಟಳು. ನನಗೆ ನಾಚಿಕೆಯಾಯಿತು, ನಾನೇ ಹರಿದು ಹಾಕಿದೆ.

೪

(ಮೂರು ಎಲ್ಲಿ ಎನ್ನಬೇಡಿ. ಗಾಬರಿಯಲ್ಲಿ ಎಣಿಕೆ ತಪ್ಪಿದೆ.)

“ಸ್ವಲ್ಪ ಕಾಯೋಣ,” ಅಂದ ಕ್ಲೈವ್. “ಈ ಮಂಜಲ್ಲಿ ಎಲ್ರೂ ಹುಡ್ಕೋಕ್ ಹೋದ್ರೆ ಇನ್ನೊಬ್ರು ಕಳ್ದೋಗ್ತಾರೆ. ನಮ್ ಡೆಸ್ ಅಲ್ಲಾಡೋ ಆಸಾಮಿ ಅಲ್ಲ. ತಿಳಿಯಾಗ್ಲಿ, ನಾನೇ ಹೋಗಿ ಕರ್ಕೊಂಡ್ ಬರ್ತೀನಿ. ಈಗ ಟೀ ಕುಡಿ.”

ಅವನ ಮಾತು ನ್ಯಾಯವಾಗಿಯೇ ಇತ್ತು, ಡೆಸ್ ಮೊದಲಿನ ಡೆಸ್ ಆಗಿದ್ದರೆ. ಬೆರಿಲ್ ಟೀ ಕಪ್ಪು ಹಿಡಿದಳು. ಕುಡಿಯದೆ ಹಾಗೇ ಕೆಳಗಿಟ್ಟಳು. ಡೆಸ್ ಪ್ರತಿ ಸಲ ಹೊರಡುವ ಮುನ್ನ ಮನೆಯಲ್ಲಿ ಕೇಳಿಕೊಳ್ಳುತ್ತಿದ್ದ: ‘ಅವರಿಗ್ ಹೇಳ್ಬೇಡ ಕಣೇ, ಆಮೇಲೆ ನನ್ನನ್ನ ಮಗು ಥರ ನೋಡ್ತಾರೆ.’ ಆ ಮಾತನ್ನು ಕೂಡ ಅವನು ಮರೆತಿದ್ದಾನು. ಅವಳು ಮರೆತಿರಲಿಲ್ಲ.

“ಕ್ಲೈವ್, ಕಾಯೋ ಹಾಗಿಲ್ಲ. ರೆಸ್ಕ್ಯೂನೋರಿಗೆ ಫೋನ್ ಮಾಡು.”

“ಏನಂತ ಮಾಡ್ಲಿ? ಒಬ್ಬ ಗಂಡಸು ನಿಲ್ಸಿದ್ ಕಡೆ ನಿಂತಿದಾನೆ ಅಂತಲಾ?”

“ಅವನಿಗೆ ನೆನಪಿರಲ್ಲ.”

“ಏನ್ ನೆನಪಿರಲ್ಲ?”

“ಯಾಕ್ ನಿಂತಿದೀನಿ ಅನ್ನೋದೇ ನೆನಪಿರಲ್ಲ. ಡಾಕ್ಟ್ರು ಹೇಳಿ ವರ್ಷ ಆಯ್ತು. ನಿಮ್ಗ್ಯಾರಿಗೂ ಗೊತ್ತಾಗ್ಬಾರ್ದು ಅಂತ ನಾನೇ ಮುಚ್ಚಿಟ್ಟೆ. ಸಾಕಾ? ಈಗ ಫೋನ್ ಮಾಡ್ತೀಯಾ?”

ಕ್ಲೈವ್ ಬಾಯಲ್ಲಿದ್ದದ್ದನ್ನು ನುಂಗಲಾರದೆ ನುಂಗಿದ. ಮಾರ್ಜರಿ “ಅಯ್ಯೋ, ನನ್ ಹಾಳು ಮೊಣಕಾಲು” ಎಂದು ಅಳತೊಡಗಿದಳು. ಯಾರೂ ಬೆರಿಲ್‌ಳ ಮುಖ ನೋಡಲಿಲ್ಲ. ಕ್ಲೈವ್ ಸಿಗ್ನಲ್ ಸಿಗುವ ದಿಬ್ಬದ ಮೇಲೆ ಹತ್ತಿ ಫೋನ್ ಮಾಡಿದ. ಆ ಕಡೆಯವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಬೆರಿಲ್ ಹೇಳಿದ್ದನ್ನೂ ಮೆಲ್ಲಗೆ ಹೇಳಿದ.

ಆಮೇಲೆ ಬೆರಿಲ್, ಕ್ಲೈವ್ ಇಬ್ಬರೂ ಕವಲಿನ ಕಡೆ ಹೊರಟರು. ನಾನೂ ಹೊರಟೆ. ಕಥೆಗಾರನಾದವನು ಹಿಂದುಳಿಯುವುದುಂಟೇ? ಗೋಡೆಯ ಗೇಟಿನ ಹತ್ತಿರ ಬೆರಿಲ್ ತಿರುಗಿ ನಿಂತಳು.

“ನೀನು ಇಲ್ಲೇ ನಿಂತ್ಕೋ. ಡೆಸ್ ಈ ಕಡೆಯಿಂದ ಇಳಿದ್ರೆ ಹಿಡ್ಕೋಬೇಕು.”

“ಬೆರಿಲ್, ಮೇಲೆ ಏನಾಗುತ್ತೆ ಅಂತ ನಾನು ನೋಡದಿದ್ದರೆ ಕಥೆ…”

“ನೋಡೋದ್ ನಾನ್ ನೋಡ್ಕೋತೀನಿ. ನೀನು ಬರೆದು ಬರೆದು ಅವನನ್ನ ಎಲ್ಲೆಲ್ಲೋ ಕಳ್ಸಿದ್ದು ಸಾಕು. ನಾನ್ ಬರೋವರ್ಗೂ ಕದಲ್ಬೇಡ.”

ಕೊನೆ (ಅಲ್ಲ)

ನಿಂತಿದ್ದೇನೆ.

ಚಾಚಿದ ಕೈ ಕಾಣುವುದಿಲ್ಲ. ಇಲ್ಲಿ ಯಾಕೆ ನಿಂತಿದ್ದೇನೆ, ಯಾರು ಬರುತ್ತಾರೆ, ಎಲ್ಲ ನನಗೆ ಚೆನ್ನಾಗಿ ಗೊತ್ತು. ಆದರೂ ಕಾಲು ಹೊರಡು ಹೊರಡು ಎನ್ನುತ್ತದೆ. ಇದೊಂದೂ ಗೊತ್ತಿಲ್ಲದೆ ಒಬ್ಬ ಹೇಗೆ ನಿಲ್ಲುತ್ತಾನೆ? ನನಗೆ ಭಯವಾಗುತ್ತಿದೆ.

ಮೇಲಿನಿಂದ ಬೆರಿಲ್ ಕೂಗುವುದು ಕೇಳಿಸುತ್ತಿದೆ. ಮೊದಲು “ಡೆಸ್!” ಎಂದು. ಆಮೇಲೆ “ಡೆಸ್ಮಂಡ್!” ಈಗ ಅವನ ಹೆಸರನ್ನೇ ಬಿಟ್ಟು ತನ್ನ ಹೆಸರನ್ನು ಕೂಗುತ್ತಿದ್ದಾಳೆ. “ಬೆರಿಲ್ ಕಣೋ! ನಾನು, ಬೆರಿಲ್!”

ಕೂಗು ನಿಂತಿತು.

ಕೂಗು ನಿಲ್ಲುವುದಕ್ಕೆ ಕಾರಣ ಎರಡೇ. ಎರಡನ್ನೂ ನಾನು ಬರೆಯಬಲ್ಲೆ, ಬರೆಯುವುದಿಲ್ಲ. ನಿಮ್ಮನ್ನು ಯಾರೂ ಇಲ್ಲಿ ನಿಲ್ಲಿಸಿಲ್ಲ, ಬೇಕಾದರೆ ಹೋಗಿ ನೋಡಿಕೊಂಡು ಬನ್ನಿ. ನಾನು ಬರಲಾರೆ. ಅವಳಿನ್ನೂ ಬಂದಿಲ್ಲ.