ಬಲಗಡೆಯ ಕಂಬ

ಅಪ್ಪನ ಹಳೆಯ ಪಿಕಪ್ಪಿನ ಕ್ಯಾಬಿನ್ನಿನಲ್ಲಿ, ಮುಂದಿನ ಗಾಜಿಗೂ ಬಲಗಡೆಯ ಬಾಗಿಲಿಗೂ ನಡುವೆ, ನನ್ನ ಮುಂಗೈ ದಪ್ಪದ ಕಬ್ಬಿಣದ ಕಂಬವಿದೆ. ಮುರಗೋಡದ ತಿರುವು ಬಂತೆಂದರೆ ಅಪ್ಪ ಎದೆ ಸ್ಟಿಯರಿಂಗಿಗೆ ತಾಗುವಷ್ಟು ಬಗ್ಗುತ್ತಿದ್ದ. ಚಹಾ ಅಂಗಡಿಯ ಮುಂದಿದ್ದವರೆಲ್ಲ ಕೈ ಎತ್ತಿ ‘ಶರಣ್ರೀ’ ಅನ್ನುತ್ತಿದ್ದರು. ಕಂಡಕಂಡವರಿಗೆ ಬಗ್ಗುವುದು ನನಗೆ ಸೇರುತ್ತಿರಲಿಲ್ಲ. ಗಾಡಿ ನನ್ನ ಕೈಗೆ ಬಂದ ಮೇಲೆ ಬೆನ್ನು ನೆಟ್ಟಗಿಟ್ಟುಕೊಂಡೇ ಓಡಿಸಿದೆ.

ಆರು ವರ್ಷದ ಹಿಂದೆ ಅದೇ ತಿರುವಿನಲ್ಲಿ ಬಲಗಡೆಯಿಂದ ಬಂದ ಒಂದು ಚಕ್ಕಡಿಗೆ ಗುದ್ದಿದೆ. ಎತ್ತುಗಳಿಗೆ ಏನೂ ಆಗಲಿಲ್ಲ, ಗಾಲಿ ಮುರಿಯಿತು. ಸೇರಿದ ಜನರೆದುರು, ಎಡಗಡೆ ಕುಳಿತಿದ್ದ ಕಾಡಪ್ಪ ಕಾಕಾನಿಗೆ ‘ಕುರುಡನ ಗತೆ ಕುಂತೀದಿ’ ಎಂದು ಬೈದೆ. ಮೂವತ್ತು ವರ್ಷ ಅಪ್ಪನ ಜೊತೆ ಬೆಲ್ಲ, ಹತ್ತಿ ಹೇರಿದವನು ಅವನು. ನನ್ನನ್ನು ಅದೇ ಸೀಟಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು, ಬೆಲ್ಲದ ಚೂರು ಬಾಯಿಗಿಡುತ್ತ ಸವದತ್ತಿ, ರಾಮದುರ್ಗ ತೋರಿಸಿದವನು. ಟವೆಲ್ ಕೊಡವಿ ಇಳಿದು ಹೋದ. ಆಮೇಲೆ ನಮ್ಮ ನಡುವೆ ಮಾತಿಲ್ಲ. ಅವನಿಲ್ಲದ ಗಾಡಿ ಓಡಿಸಲು ಮನಸ್ಸಾಗದೆ ತಗಡಿನ ಚಪ್ಪರದ ಕೆಳಗೆ ನಿಲ್ಲಿಸಿಬಿಟ್ಟೆ.

ಈ ವರ್ಷ ಬೈಲಹೊಂಗಲದಲ್ಲಿ ಪರಸಪ್ಪನ ಗ್ಯಾರೇಜಿಗೆ ಒಯ್ದು ತುಕ್ಕು ತೆಗೆಸಿದೆ. ಪರಸಪ್ಪ ಶಾಲೆಯಲ್ಲಿ ನನ್ನ ಜೊತೆಗಿದ್ದವನು. ತಾನು ಡ್ರೈವರ್ ಸೀಟಿನಲ್ಲಿ ಕುಳಿತು ನನ್ನನ್ನು ಮುಂದೆ ಬಲಕ್ಕೆ ನಿಲ್ಲಿಸಿದ.

‘ನೀ ನನಗ ಕಾಣವಲ್ಲಿ,’ ಎಂದ. ಆಮೇಲೆ ಬಗ್ಗಿದ. ‘ಈಗ ಕಂಡಿ ನೋಡು. ಹಿಂಗ ಬಗ್ಗದಿದ್ರ ಈ ಕಂಬದ ಹಿಂದ ಒಂದ್ ಚಕ್ಕಡೀನ ಅಡಗತೈತಿ. ನಿಮ್ಮಪ್ಪ ಹೇಳಿರಲಿಲ್ಲೇನು? ಬೇಕಂದ್ರ ಕೊಯ್ದು ಸಣ್ಣ ಪೈಪ್ ಹಾಕತೇನಿ.’

ಅಪ್ಪ ಹೇಳಿದ್ದನೋ ಏನೋ. ನಾನೆಲ್ಲಿ ಕೇಳುತ್ತಿದ್ದೆ?

‘ಅದನ್ನ ಮುಟ್ಟಬ್ಯಾಡ,’ ಎಂದೆ.

ನಮ್ಮೂರು ಸಿರಸಂಗಿಯ ಕಡೆ ಹೊರಟೆ. ಮುರಗೋಡದ ತಿರುವಿನಲ್ಲಿ ಕಾಡಪ್ಪ ಕಾಕಾ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ. ಬಗ್ಗಿದೆ. ಎಲ್ಲರೂ ಕೈ ಎತ್ತಿದರು. ಕಾಕಾ ಎತ್ತಲಿಲ್ಲ. ಗಾಡಿ ನಿಲ್ಲಿಸಿದೆ.

‘ನನಗ ಶರಣ ಮಾಡಿದ್ಯೋ, ಕಂಬದ ಆಚೆ ನೋಡಿದ್ಯೋ?’ ಎಂದು ಕೇಳಿದ.

‘ಕಂಬದ ಆಚೆ ನೋಡಿದೆ.’

‘ಹಂಗಾರ ಸುಮ್ಮನ ಹೋಗು.’

‘ಹೋಗೂದಿಲ್ಲ!’ ಎಂದು ಕೂಗಿದೆ. ‘ಅವತ್ತ ನಾ ಬಗ್ಗಿ ನೋಡಲಿಲ್ಲ. ಬಲಗಡಿ ಚಕ್ಕಡಿ ಎಡಗಡಿ ಕುಂತ ನಿಮಗ ಹೆಂಗ ಕಾಣಬೇಕ್ರಿ ಕಾಕಾ? ತಪ್ಪು ನಂದು!’

ಅಂದು ಬೈದಷ್ಟೇ ಜೋರಾಗಿ ಹೇಳಿದ್ದೆ. ಅಂಗಡಿಯವನು ಚಹಾ ಸೋಸುವುದನ್ನು ಬಿಟ್ಟು ನೋಡಿದ.

‘ಮೆಲ್ಲಕ ಮಾತಾಡೋ,’ ಎಂದ ಕಾಕಾ. ‘ಅವತ್ತ ಕುರುಡ ಅಂದಿ, ಇವತ್ತ ಕಿವುಡ ಮಾಡತಿ.’

ಎದ್ದು ಗಾಡಿಗೆ ಸುತ್ತು ಹಾಕಿ ಎಡಗಡೆಗೆ ಬಂದ. ಆ ಕಡೆಯ ಬಾಗಿಲನ್ನು ಸ್ವಲ್ಪ ಮೇಲೆತ್ತಿ ಎಳೆದರೆ ಮಾತ್ರ ತೆರೆಯುತ್ತದೆ. ನಾನು ಹೇಳುವ ಮೊದಲೇ ಮೇಲೆತ್ತಿ ಎಳೆದ. ಹತ್ತಿ ಕುಳಿತು, ಕುತ್ತಿಗೆ ಹೊರಗೆ ಹಾಕಿದ.

‘ಎಡಗಡಿ ಖಾಲಿ ಐತಿ. ನಿಂದು ನೀ ನೋಡ್ಕೊಂಡು ಬಿಡು.’

ಬಗ್ಗಿ ನೋಡಿ, ಗಾಡಿ ಬಿಟ್ಟೆ.